ಏನೂ ಮಾಡಲ್ಲ, ಬಾರಪ್ಪ

ನಾಯಿ ಟ್ರೇನಿಂಗ್ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಹೊಸ ಬ್ಯಾಚಿನ ಮೊದಲ ದಿನ ಎಲ್ಲ ಮಾಲೀಕರಿಗೂ ನಾನು ಹೇಳುವ ಮೊದಲ ಮಾತು ಇದು: ಗೇಟಿನಾಚೆ ನಿಂತವರಿಗೆ ‘ಏನೂ ಮಾಡಲ್ಲ ಬನ್ನಿ’ ಅನ್ನಬೇಡಿ. ನಿಮ್ಮ ನಾಯಿ ನಿಮ್ಮ ಜೊತೆ ಹೇಗಿರುತ್ತದೆ ಎಂಬುದಷ್ಟೇ ನಿಮಗೆ ಗೊತ್ತು. ಗುರುತಿಲ್ಲದವರು ಎದುರಿಗೆ ಬಂದಾಗ ಅದು ಏನು ಮಾಡುತ್ತದೆ ಎಂಬುದಕ್ಕೆ ನೀವು ಮಾತು ಕೊಡಲಾಗದು.

ಇಷ್ಟು ವರ್ಷ ಇದನ್ನೇ ಹೇಳಿಕೊಂಡು ಬಂದ ನಾನು ಒಂದು ಶನಿವಾರ ಸಂಜೆ ಅದೇ ಮಾತನ್ನು ಆಡಿದೆ. ಪಾರ್ಸೆಲ್ ತಂದ ಕೊರಿಯರ್ ಹುಡುಗನ ಮುಂಗೈ ಮೇಲೆ ಈಗ ಎರಡು ಕಲೆ ಉಳಿದಿವೆ. ಅವನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ.

ನಾಯಿಯ ಹೆಸರು ಕೆಂಚ. ಎರಡೂವರೆ ವರ್ಷ, 28 ಕೆಜಿ, ಮಿಶ್ರ ತಳಿ. ಮನೆಗೆ ಯಾರಾದರೂ ಬಂದರೆ ಬಾಗಿಲಿಗೆ ಹಾರುತ್ತದೆ, ಬೊಗಳು ನಿಲ್ಲಿಸುವುದಿಲ್ಲ ಎಂಬ ದೂರಿನ ಮೇಲೆ ಆರು ವಾರದ ಬ್ಯಾಚಿಗೆ ಸೇರಿಸಿದ್ದರು. ನಮ್ಮ ಇನ್‌ಟೇಕ್ ಫಾರ್ಮಿನಲ್ಲಿ ಒಂದು ಸಾಲು ಇದೆ: ‘ನಾಯಿ ಫ್ರೆಂಡ್ಲಿಯೇ? ಹೌದು / ಇಲ್ಲ.’ ಇಂಥ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ, ತೆಗೆಯಿರಿ ಎಂದು ಆಡಳಿತಕ್ಕೆ ಮೂರು ಸಲ ಬರೆದುಕೊಟ್ಟಿದ್ದೆ. ಫಾರ್ಮು ಹಾಗೇ ಇತ್ತು. ಕೆಂಚನ ಮಾಲೀಕರಾದ ಮೇಡಂ ‘ಹೌದು’ ಎಂದು ಟಿಕ್ ಹಾಕಿದ್ದರು.

ಆದರೆ ಅಂದು ಮಾತಿನ ನಡುವೆ ಅವರು ಇನ್ನೊಂದು ವಿಷಯವನ್ನೂ ಹೇಳಿದ್ದರು. “ಮೊದಮೊದಲು ಯಾರಾದ್ರೂ ಬಂದ್ರೆ ಗುರ್ ಅಂತಿದ್ದ ಸರ್. ಬೈದು ಬೈದು, ಮೂತಿ ಮೇಲೆ ಒಂದೆರಡು ಕೊಟ್ಟು ಬಿಡಿಸಿದೀವಿ. ಈಗ ಗುರ್ ಅನ್ನೋದೇ ಇಲ್ಲ.”

ಆ ಹೊತ್ತಿಗೇ ನಾನು ಪೆನ್ನು ಎತ್ತಿಕೊಳ್ಳಬೇಕಿತ್ತು. ‘ದೂರ ಇರು, ನನಗೆ ಹೆದರಿಕೆ ಆಗ್ತಿದೆ’ ಎಂದು ಹೇಳಲು ನಾಯಿಗಿರುವ ದಾರಿ ಆ ಗುರ್. ಅದಕ್ಕೆ ಏಟು ಕೊಟ್ಟರೆ ಸದ್ದು ಹೋಗುತ್ತದೆ, ಹೆದರಿಕೆ ಹೋಗುವುದಿಲ್ಲ. ಬಂದವರೆಂದರೆ ಏಟು ಬೀಳುತ್ತದೆ ಎಂಬ ಇನ್ನೊಂದು ಭಯವೂ ಸೇರಿಕೊಳ್ಳುತ್ತದೆ. ಮುಂದೊಂದು ದಿನ ಆ ನಾಯಿ ಸುಳಿವು ಕೊಡದೆ ಹಲ್ಲು ಹಾಕುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಅವತ್ತು ನನಗೆ ಹೊಳೆದದ್ದು ‘ಸರಿ, ಅಗ್ರೆಶನ್ ಕೇಸ್ ಅಲ್ಲ’ ಎಂದು ಮಾತ್ರ. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದೆ. ಫೈಲಿನಲ್ಲಿ ಆ ಮಾತು ಎಲ್ಲೂ ಇಲ್ಲ.

ಐದು ವಾರ ಕೆಂಚ ನೋಡುವಂತಿತ್ತು. ಬೆಲ್ ಆದ ಕೂಡಲೇ ಮ್ಯಾಟಿಗೆ ಹೋಗುತ್ತಿತ್ತು. ಬಾಗಿಲು ತೆರೆದು, ಮನೆಗೆ ಬಂದವರಂತೆ ನಟಿಸುವ ಹೆಲ್ಪರ್ ಒಳಗೆ ಬಂದರೂ ಮ್ಯಾಟ್ ಬಿಡುತ್ತಿರಲಿಲ್ಲ. ಮಾರ್ಕರ್, ಅಂದರೆ ‘ಸರಿ ಮಾಡಿದೆ’ ಎಂದು ತಿಳಿಸುವ ಸದ್ದು, ಕೇಳಿದೊಡನೆ ಮೇಡಂ ಕಡೆ ತಿರುಗಿ ಟ್ರೀಟ್‌ಗೆ ಕಾಯುತ್ತಿತ್ತು. ನಾಲ್ಕು ಮಂದಿ ಹೆಲ್ಪರ್‌ಗಳ ಜೊತೆ ಇಪ್ಪತ್ತಕ್ಕೆ ಇಪ್ಪತ್ತು ಸಲ ಸರಿ ಮಾಡಿದೆ ಎಂದು ನಾನೇ ಲಾಗ್‌ಶೀಟಿನಲ್ಲಿ ಬರೆದಿದ್ದೇನೆ. ಆ ನಾಲ್ವರೂ ನಮ್ಮ ಸ್ಟಾಫ್. ನಾಲ್ವರೂ ಪಕ್ಕಕ್ಕೆ ತಿರುಗಿ ನಿಲ್ಲುವವರು, ಕಣ್ಣಿಗೆ ಕಣ್ಣು ಕೊಡದವರು, ಸೊಂಟದಲ್ಲಿ ಟ್ರೀಟ್ ಪೌಚ್ ಇದ್ದವರು. ಕೆಂಚ ಐದು ವಾರ ಕಲಿತದ್ದು ‘ಈ ಅಂಗಳದಲ್ಲಿ ಈ ನಾಲ್ಕು ಜನರಿಂದ ತೊಂದರೆ ಇಲ್ಲ’ ಎಂಬುದನ್ನು. ಅಪರಿಚಿತರ ಬಗ್ಗೆ ಅದು ಏನನ್ನೂ ಕಲಿತಿರಲಿಲ್ಲ, ಏಕೆಂದರೆ ನಾವು ಅದಕ್ಕೆ ಅಪರಿಚಿತರನ್ನು ತೋರಿಸಿಯೇ ಇರಲಿಲ್ಲ. ಮನೆಯಲ್ಲಿ ಕೂರುವ ನಾಯಿ ಬೀದಿಯಲ್ಲೂ ಕೂರುತ್ತದೆ ಎಂದುಕೊಳ್ಳಬೇಡಿ, ಜಾಗ ಬದಲಾದಾಗಲೆಲ್ಲ ಮೊದಲಿನಿಂದ ಕಲಿಸಬೇಕು ಎಂದು ಬೇರೆಯವರಿಗೆ ಪಾಠ ಹೇಳುವವನು ನಾನು.

ಆರನೇ ವಾರ, ಅಸೆಸ್‌ಮೆಂಟ್. ಹೊರಗಿನಿಂದ ಬರಬೇಕಿದ್ದ ಹೆಲ್ಪರ್ ಮಧ್ಯಾಹ್ನ ಫೋನ್ ಮಾಡಿ ಬರಲಾಗುವುದಿಲ್ಲ ಅಂದರು. ಮುಂದಕ್ಕೆ ಹಾಕೋಣ ಎಂದೆ. ಸೋಮವಾರ ಹೊಸ ಬ್ಯಾಚ್ ಶುರು, ಸರ್ಟಿಫಿಕೇಟ್ ಪ್ರಿಂಟ್ ಆಗಿದೆ, ಇವತ್ತೇ ಮುಗಿಸಿ ಎಂಬ ಉತ್ತರ ಬಂತು. ನಾಯಿಗೆ ಎಷ್ಟು ವಾರ ಬೇಕೆಂದು ಕ್ಯಾಲೆಂಡರ್ ನೋಡಿ ತೀರ್ಮಾನಿಸುವ ಈ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಆಗಲ್ಲ ಎಂದು ಗಟ್ಟಿಯಾಗಿ ಹೇಳಲು ನನಗೆ ಬಾಯಿ ಇತ್ತು. ಹೇಳಲಿಲ್ಲ.

ಮೇಡಂ ಬಂದವರೇ, “ಬೆಳಿಗ್ಗೆ ಡಾಕ್ಟರ್ ಹತ್ರ ಬೂಸ್ಟರ್ ಹಾಕ್ಸಿದ್ವಿ ಸರ್, ಉಗುರೂ ಕತ್ತರಿಸಿದ್ರು, ತುಂಬಾ ಒದ್ದಾಡಿಬಿಟ್ಟ,” ಅಂದರು. ಪಕ್ಕದ ರಿಂಗಿನಲ್ಲಿ ಮರಿಗಳ ಕ್ಲಾಸು, ಒಂದೇ ಸಮ ಕಿರುಚಾಟ. ಗೇಟಿನ ಚಿಲಕ ಸಡಿಲವಾಗಿ ಗಾಳಿಗೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಒಂದೊಂದೂ ಸಣ್ಣದೇ. ಆದರೆ ಒತ್ತಡ ನಾಯಿಯ ಮೈಯಿಂದ ಇಳಿಯಲು ಗಂಟೆಗಳೇ ಹಿಡಿಯುತ್ತವೆ, ಇಳಿಯುವ ಮೊದಲೇ ಇನ್ನೊಂದು ಬಂದರೆ ಎರಡೂ ಕೂಡಿಕೊಳ್ಳುತ್ತವೆ. ಬೇರೆ ದಿನ ತಡೆದುಕೊಳ್ಳುವುದನ್ನು ಅಂಥ ದಿನ ತಡೆದುಕೊಳ್ಳದು. ಕೆಂಚ ಟ್ರೀಟನ್ನು ಒರಟಾಗಿ, ಬೆರಳು ತಾಗುವಂತೆ ಕಿತ್ತುಕೊಳ್ಳುತ್ತಿತ್ತು. ಎಂದೂ ಹಾಗೆ ತೆಗೆದುಕೊಂಡದ್ದಲ್ಲ. ನನ್ನ ಬೆರಳಿಗೇ ಹಲ್ಲು ತಾಗಿತು, ಒರೆಸಿಕೊಂಡು ಮುಂದುವರಿದೆ.

ಅಷ್ಟರಲ್ಲಿ ಗೇಟಿನ ಹತ್ತಿರ ಕೊರಿಯರ್ ಹುಡುಗ. ತಲೆ ಮೇಲೆ ಹೆಲ್ಮೆಟ್, ಎದೆಗೆ ಅವಚಿದ ದೊಡ್ಡ ಡಬ್ಬ. “ಸರ್, ಸೈನ್ ಬೇಕಿತ್ತು,” ಎಂದು ಅಲ್ಲೇ ನಿಂತ. ಅವನ ಕಣ್ಣು ಕೆಂಚನ ಮೇಲಿತ್ತು. ಬೇಕಾದ ಹೊರಗಿನವನು ತಾನಾಗಿಯೇ ಬಂದ ಎಂದು ನನಗೆ ಅನಿಸಿಬಿಟ್ಟಿತು.

“ಏನೂ ಮಾಡಲ್ಲ, ಬಾರಪ್ಪ,” ಅಂದೆ.

ಮುಂದಿನದು ಐದಾರು ಸೆಕೆಂಡು ಇದ್ದೀತು. ರಿಂಗಿನ ಕ್ಯಾಮೆರಾ ಓಡುತ್ತಿದ್ದುದರಿಂದ ಎಷ್ಟೋ ಸಲ ನಿಧಾನವಾಗಿ ಓಡಿಸಿ ನೋಡಿದ್ದೇನೆ. ಹುಡುಗ ನೇರವಾಗಿ ಬರುತ್ತಾನೆ. ಕೆಂಚ ಮ್ಯಾಟಿನ ಮೇಲೆ ಕೂತಿದೆ, ಬಾಲ ಆಡುತ್ತಿದೆ. ಆ ಬಾಲವನ್ನು ನೋಡಿಯೇ ನಾನು ಧೈರ್ಯ ತಂದುಕೊಂಡದ್ದು. ಆದರೆ ವಿಡಿಯೋದಲ್ಲಿ ಕಾಣುವುದು ಸೊಂಟ ಕುಣಿಸುವ ಸಡಿಲ ಬಾಲವಲ್ಲ. ಮೇಲಕ್ಕೆ ಸೆಟೆದು ತುದಿ ಮಾತ್ರ ಪಟಪಟ ನಡುಗುವ ಬಾಲ. ನಾಯಿ ಉದ್ರೇಕಗೊಂಡಿದೆ ಎಂದಷ್ಟೇ ಅದರ ಅರ್ಥ, ಖುಷಿಯಾಗಿದೆ ಎಂದಲ್ಲ. ಎರಡನೇ ಸೆಕೆಂಡಿಗೆ ತೆರೆದಿದ್ದ ಬಾಯಿ ಮುಚ್ಚುತ್ತದೆ. ನಾಲಿಗೆ ಒಮ್ಮೆ ಮೂಗು ನೆಕ್ಕಿ ಒಳಗೆ ಹೋಗುತ್ತದೆ. ಮುಖ ಆಚೆ ತಿರುಗುತ್ತದೆ, ಕಣ್ಣು ಮಾತ್ರ ಹುಡುಗನ ಮೇಲೇ ಉಳಿದು ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ಆ ಹೊತ್ತಿಗೆ ನನಗೂ ಏನೋ ಸರಿಯಿಲ್ಲ ಅನಿಸಿದೆ, ಏಕೆಂದರೆ ನನ್ನ ಕೈ ಲೀಶನ್ನು ಎಳೆದು ಬಿಗಿ ಮಾಡುವುದು ಕಾಣುತ್ತದೆ. ಹಿಂದೆ ಸರಿಯಲು ಇದ್ದ ಒಂದೇ ದಾರಿಯನ್ನೂ ನಾನೇ ಮುಚ್ಚಿದೆ. ಆಮೇಲೆ ಕೆಂಚ ಅಲುಗಾಡುವುದನ್ನೇ ನಿಲ್ಲಿಸುತ್ತದೆ. ಬಾಲ, ಕಿವಿ, ಉಸಿರು ಎಲ್ಲ ನಿಂತು ಕಲ್ಲಿನಂತೆ. ಗುರ್ ಇಲ್ಲ. ಹುಡುಗ ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ, ತಲೆ ಸವರಲು ಮೇಲಿನಿಂದ ಕೈ ಚಾಚುತ್ತಾನೆ.

ಒಂದೇ ಕಡಿತ, ಕೂಡಲೇ ಬಿಟ್ಟಿತು. ಕಡಿತ ಎಷ್ಟು ತೀವ್ರ ಎಂದು ಅಳೆಯುವ ಡನ್‌ಬಾರ್ ಸ್ಕೇಲಿನಲ್ಲಿ ಲೆವೆಲ್ 3: ಹಲ್ಲು ಚರ್ಮ ತೂರಿದೆ, ಆದರೆ ಆಳಕ್ಕೆ ಇಳಿದಿಲ್ಲ. ಡಬ್ಬ ಕೆಳಗೆ ಬಿದ್ದ ಸದ್ದಿಗೆ ಕೆಂಚ ಹಿಂದಕ್ಕೆ ಮುದುಡಿಕೊಂಡಿತು. ಮೇಡಂ ಹೊಡೆಯಲು ಕೈ ಎತ್ತಿದರು. “ಬೇಡ ಮೇಡಂ, ಹೊಡೀಬೇಡಿ, ಕ್ರೇಟಿಗೆ ಹಾಕಿ,” ಎಂದು ಕೂಗಿಕೊಂಡು ಹುಡುಗನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದೆ. ಹರಿಯುವ ನೀರು, ಸೋಪು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಹದಿನೈದು ನಿಮಿಷ ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ಹುಡುಗ ಅಳಲಿಲ್ಲ. ನೊರೆಯ ಜೊತೆ ತಿಳಿಗೆಂಪು ನೀರು ಇಳಿಯುವುದನ್ನೇ ನೋಡುತ್ತಿದ್ದವನು ನಡುವೆ ಒಮ್ಮೆ ತಲೆ ಎತ್ತಿ, “ನೀವೇ ಅಲ್ವಾ ಸರ್, ಏನೂ ಮಾಡಲ್ಲ ಬಾ ಅಂದಿದ್ದು?” ಎಂದು ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ. ಹೌದಪ್ಪ, ನಾನೇ ಅಂದೆ.

ಕೆಂಚನಿಗೆ ರೇಬೀಸ್ ಲಸಿಕೆ ಆಗಿದೆ, ಕಾರ್ಡ್ ಇದೆ ಎಂದು ಮೇಡಂ ತೋರಿಸಿದರು. ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚರ್ಮ ತೂತಾಗಿ ರಕ್ತ ಬಂದರೆ ಅದು ಕ್ಯಾಟಗರಿ 3, ರೇಬೀಸ್ ಅಪಾಯದ ಲೆಕ್ಕದಲ್ಲಿ ಅತಿ ಗಂಭೀರ ವರ್ಗ. ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಿದರು, ಲಸಿಕೆಯ ಮೊದಲ ಡೋಸ್ ಕೊಟ್ಟರು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಬೆರಳೆಣಿಕೆಯಷ್ಟು. ಹಾಗಾಗಿ ನಾಯಿಯ ಕಾರ್ಡ್ ನೋಡಿ ಮನೆಗೆ ಹೋಗಿಬಿಡುವ ಮಾತೇ ಇಲ್ಲ. ಕೆಂಚನನ್ನು 10 ದಿನ ನಿಗಾದಲ್ಲಿ ಇಟ್ಟೆವು. ಊಟ, ನಡಿಗೆ, ನುಂಗುವುದು ಎಲ್ಲ ದಿನವೂ ಬರೆದಿಟ್ಟೆ. ಮುಂದಿನ ಡೋಸುಗಳಿಗೆ ಹುಡುಗನ ಜೊತೆ ನಾನೇ ಹೋದೆ. ಬೇಡ ಸರ್ ಅಂದ, ಹೋದೆ.

ಕಚೇರಿಯಲ್ಲಿ ಇನ್ಸಿಡೆಂಟ್ ರಿಪೋರ್ಟ್ ತುಂಬಲು ಕೂತರೆ ‘ಕಾರಣ’ ಎಂಬಲ್ಲಿ ಮೂರು ಆಯ್ಕೆ: ನಾಯಿ, ಮಾಲೀಕರು, ಹೊರಗಿನವರು. ಟ್ರೇನರ್ ಎಂಬ ಕಾಲಂ ಇಲ್ಲ. ಮಾರ್ಜಿನ್ನಿನಲ್ಲಿ ಬರೆದೆ. ತೆಗೆದುಬಿಡಿ, ಮುಂದೆ ತೊಂದರೆಯಾಗುತ್ತದೆ ಎಂದರು. ತೆಗೆಯಲಿಲ್ಲ. ಆಡಳಿತದವರು ಆ ವಾರವೇ ಮಾಡಿಸಿದ ಕೆಲಸವೆಂದರೆ ಗೇಟಿಗೆ ‘ಒಳಗೆ ಬರುವವರು ಸ್ವಂತ ಜವಾಬ್ದಾರಿಯ ಮೇಲೆ ಬರಬೇಕು’ ಎಂಬ ಬೋರ್ಡ್. ಚಿಲಕ ರಿಪೇರಿಯಾಗಲು ಇನ್ನೂ ಒಂದು ತಿಂಗಳು ಬೇಕಾಯಿತು.

ನಾಯಿಯನ್ನು ಕೊಟ್ಟುಬಿಡಿ ಎಂದು ಮೇಡಂಗೆ ಹೇಳಿದವರು ಬಹಳ. ಮೊದಲಿನಿಂದ ಶುರು ಮಾಡೋಣ, ದುಡ್ಡು ಬೇಡ, ಆದರೆ ನಾನು ಹೇಳಿದಷ್ಟು ತಿಂಗಳು ಬೇಕು ಎಂದು ಕೇಳಿಕೊಂಡೆ. ಒಪ್ಪಿದರು.

ಮೊದಲ ಎರಡು ವಾರ ಬಾಸ್ಕೆಟ್ ಮಜಲ್, ಅಂದರೆ ಕಚ್ಚದಂತೆ ಮೂತಿಗೆ ಹಾಕುವ ಬುಟ್ಟಿಯಂಥ ಕುಕ್ಕೆ, ಅದರ ಅಭ್ಯಾಸ ಮಾತ್ರ. ಬಾಯಿ ಬಿಗಿಯುವ ಬಟ್ಟೆಯದ್ದಲ್ಲ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದು. ಒಳಗೆ ಟ್ರೀಟ್ ಇಟ್ಟು, ಮೂತಿಯನ್ನು ತಾನಾಗಿಯೇ ತೂರಿಸುವವರೆಗೆ ಪಟ್ಟಿ ಕಟ್ಟಲಿಲ್ಲ. ಬೀದಿಯಲ್ಲಿ ಜನ ಕೆಟ್ಟ ನಾಯಿ ಅಂತಾರೆ ಎಂದು ಮೇಡಂ ಅತ್ತುಕೊಂಡರು. ಅನ್ನಲಿ ಮೇಡಂ, ದೂರ ನಿಲ್ತಾರಲ್ಲ, ನಮಗೆ ಅದೇ ಬೇಕು ಎಂದೆ.

ಆಮೇಲೆ ದೂರದ ಕೆಲಸ. ಅಪರಿಚಿತರನ್ನು ಕಂಡೂ ಕೆಂಚ ಹೆದರದೆ ಇರಬಲ್ಲ ದೂರ, ನಾವು ಥ್ರೆಶೋಲ್ಡ್ ಅನ್ನುವುದು, 12 ಮೀಟರ್ ಇತ್ತು. ಅಷ್ಟು ದೂರದಲ್ಲಿ ಒಬ್ಬರು ಹಾದುಹೋಗುತ್ತಾರೆ, ಕೆಂಚ ನೋಡುತ್ತದೆ, ಮಾರ್ಕರ್, ಟ್ರೀಟ್ ಮೇಡಂ ಕೈಯಿಂದ. ಬಂದವರ ಕೈಯಿಂದ ಟ್ರೀಟ್ ಕೊಡಿಸುವ ಅಭ್ಯಾಸವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಹೆದರಿದ ನಾಯಿ ತಿಂಡಿಯ ಆಸೆಗೆ ತನಗೆ ಬೇಡದಷ್ಟು ಹತ್ತಿರ ಹೋಗುತ್ತದೆ, ತಿಂಡಿ ಮುಗಿದ ಕ್ಷಣ ತಲೆ ಎತ್ತಿದರೆ ಎದುರಿಗೆ ಅಪರಿಚಿತರ ಮುಖ. ಕಚ್ಚುವುದು ಆಗಲೇ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಕೋಲೂರಿ ನಡೆಯುವವರು, ಓಡುವ ಮಕ್ಕಳು, ಇವರೆಲ್ಲ ನಾಯಿಗೆ ಬೇರೆ ಬೇರೆ ಪಾಠ. ಒಂದೊಂದನ್ನೂ 12 ಮೀಟರಿನಿಂದ ಶುರು ಮಾಡಿದೆವು.

ಇದೆಲ್ಲ ಮರಿಯಾಗಿದ್ದಾಗ ಎಷ್ಟು ಹಗುರವಾಗಿ ಆಗುತ್ತಿತ್ತು ಎಂದು ನೆನೆದರೆ ಬೇಸರವಾಗುತ್ತದೆ. 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿ ಹೊಸದನ್ನೆಲ್ಲ ಸುಲಭವಾಗಿ ತನ್ನದಾಗಿಸಿಕೊಳ್ಳುತ್ತದೆ ಎಂದು ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದಿಟ್ಟಿದ್ದಾರೆ. ಕೆಂಚ ಆ ವಾರಗಳನ್ನು ಲಸಿಕೆ ಮುಗಿಯಲಿ ಎಂದು ಮುಚ್ಚಿದ ಮನೆಯಲ್ಲೇ ಕಳೆದಿತ್ತು. ಎತ್ತಿಕೊಂಡು ಹೊರಗೆ ನಿಂತಿದ್ದರೂ ಸಾಕಿತ್ತು, ನೆಲಕ್ಕೆ ಬಿಡುವುದೇ ಬೇಕಿರಲಿಲ್ಲ.

ಹೊಸಬರು ಮುಟ್ಟಿದರೂ ಸುಮ್ಮನಿರುವ ನಾಯಿಯನ್ನು ಮಾಡಿಕೊಡುವುದೇ ನನ್ನ ಕೆಲಸ ಎಂದು ಬಹಳ ವರ್ಷ ನಂಬಿದ್ದೆ. ಈಗ ಕೆಂಚನಿಂದ ನಾನು ಕೇಳುವುದು ಅಷ್ಟಲ್ಲ. ಜನ ಹಾದುಹೋದರೆ ನೋಡಿ, ಮೇಡಂ ಕಡೆ ತಿರುಗಲಿ. ಯಾರೂ ಸವರಬೇಕಾಗಿಲ್ಲ. ಮನೆಗೆ ಬಂದವರಿಗೂ ನಿಯಮವಿದೆ: ಕೈ ಚಾಚಬಾರದು, ಕಣ್ಣಿಟ್ಟು ನೋಡಬಾರದು. ಅದಾಗಿಯೇ ಹತ್ತಿರ ಬಂದರೆ ಎದೆಯ ಬದಿ ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ಇನ್ನೂ ಬೇಕಾದರೆ ಅದೇ ಒತ್ತಿಕೊಂಡು ಬರುತ್ತದೆ, ಬೇಡವಾದರೆ ಹೋಗುತ್ತದೆ. ಹೋಗಲು ಬಿಡಬೇಕು.

ಫಾರ್ಮಿನ ಆ ಸಾಲನ್ನು ಕೊನೆಗೂ ತೆಗೆಸಿದೆ. ಈಗ ಅಲ್ಲಿರುವ ಪ್ರಶ್ನೆ: ‘ನಿಮ್ಮ ನಾಯಿ ಗುರ್ ಎಂದಾಗ ನೀವು ಏನು ಮಾಡುತ್ತೀರಿ?’ ಕೆಳಗೆ ಬರೆಯಲು ಆರು ಸಾಲು ಜಾಗ.

ಐದನೇ ತಿಂಗಳಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಮೇಡಂ ಫೋನ್ ಬಂತು. ದನಿ ನಡುಗುತ್ತಿತ್ತು. “ಸರ್, ನಮ್ಮ ಕೆಂಚ ಮತ್ತೆ ಶುರು ಮಾಡಿದಾನೆ. ನಮ್ಮ ಯಜಮಾನ್ರ ಸ್ನೇಹಿತರು ಬಂದಿದ್ರು, ಬಗ್ಗಿ ಮುಟ್ಟೋಕೆ ಹೋದ್ರು, ಗುರ್ ಅಂದುಬಿಟ್ಟ. ಎರಡು ವರ್ಷದಿಂದ ಇಲ್ದೇ ಇದ್ದದ್ದು.”

ನನಗೆ ಗಂಟಲು ಕಟ್ಟಿತು. ಸುಧಾರಿಸಿಕೊಂಡು, ನೀವು ಏನು ಮಾಡಿದ್ರಿ ಎಂದು ಕೇಳಿದೆ.

“ಬೈಲಿಲ್ಲ ಸರ್. ಅವರಿಗೆ ಅಲ್ಲೇ ಕೂತ್ಕೊಳ್ಳಿ ಅಂದೆ. ಇವನನ್ನ ಒಳಗಿನ ರೂಮಿಗೆ ಕರ್ಕೊಂಡು ಹೋದೆ. ಈಗ ಮಲಗಿದಾನೆ.”