ಕಷ್ಟ ಬಂದರೆ ಮಾತ್ರ ಕವಿ ಹುಟ್ಟುತ್ತಾನಾ?

ಬೇರೆ ದೇಶದ ಕವಿತೆ ಓದುತ್ತೇನೆ ಅಂತ ಗೊತ್ತಾದರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ: ಯುದ್ಧ, ಜೈಲು, ಗಡಿಪಾರು ಇಲ್ಲದೆ ದೊಡ್ಡ ಕವಿ ಆಗೋಕೆ ಆಗಲ್ವಾ?

ಯುದ್ಧ ಲಕ್ಷಾಂತರ ಜನರ ಮೇಲೆ ಬೀಳುತ್ತದೆ, ಅವರೆಲ್ಲ ಕವಿಗಳಾಗುವುದಿಲ್ಲ. ಅದು ಬಂದು ಬಡಿಯುವ ಹೊತ್ತಿಗೆ ಮನೆ, ಊರು, ಮೇಷ್ಟ್ರು ಏನು ಕೊಟ್ಟಿದ್ದರು ಅನ್ನೋದು ಮುಖ್ಯ. ಇದು ನನ್ನ ಉತ್ತರ.

ಉರ್ದು ಕವಿ ಫೈಜ್ ಅಹ್ಮದ್ ಫೈಜ್ ಮತ್ತು ಪೋಲಿಷ್ ಕವಿ ಚೆಸ್ವಾಫ್ ಮಿವೋಶ್, ಇಬ್ಬರೂ ಹುಟ್ಟಿದ್ದು 1911ರಲ್ಲಿ. ಇಬ್ಬರ ಬದುಕೂ ತಲೆಕೆಳಗಾಗಿದ್ದು 1951ರಲ್ಲಿ. ಆದರೆ ಕವಿತೆ ನೋಡಿ, ಒಂದಕ್ಕೊಂದು ಸಂಬಂಧವೇ ಇಲ್ಲ.

ಫೈಜ್ ಸಿಯಾಲ್‌ಕೋಟ್ ಕಡೆಯವರು. ತಂದೆ ಬ್ಯಾರಿಸ್ಟರ್. ಚಿಕ್ಕಂದಿನಲ್ಲೇ ಅರಬ್ಬಿ, ಪರ್ಷಿಯನ್ ಪಾಠ. ಕವಿ ಇಕ್ಬಾಲರಿಗೆ ಕಲಿಸಿದ ಮೀರ್ ಹಸನ್ ಅವರೇ ಇವರಿಗೂ ಗುರು. ಗಜಲ್‌ನಲ್ಲಿ ಪಂಜರ, ಬೇಟೆಗಾರ, ಕೈಗೆ ಸಿಗದ ಪ್ರಿಯೆ ಶತಮಾನಗಳಿಂದ ಇದ್ದವರು ತಾನೇ? 1951ರಲ್ಲಿ, ಪಾಕಿಸ್ತಾನದ ಸರ್ಕಾರ ಉರುಳಿಸುವ ಸಂಚು ಅಂತ ರಾವಲ್ಪಿಂಡಿ ಪ್ರಕರಣದಲ್ಲಿ ಫೈಜ್ ಅವರನ್ನು ಹಿಡಿದು ನಾಲ್ಕು ವರ್ಷ ಒಳಗೆ ಹಾಕಿದಾಗ ಆ ಹಳೇ ಪಂಜರ ನಿಜವಾಯಿತು, ಪ್ರಿಯೆಯ ಜಾಗದಲ್ಲಿ ದೇಶ ಬಂದು ಕೂತಿತು. ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಪಳಗಿದ ಕಿವಿಗಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರಾದರೂ ತಗಾದೆ ತೆಗೆದರೆ, ಸ್ವಾಮಿ ಇದು ಪ್ರೇಮಕವಿತೆ ಅಂತ ಸುಮ್ನೆ ಹೇಳಿಬಿಡಬಹುದಿತ್ತು!

ಮಿವೋಶ್ ಹುಟ್ಟಿದ್ದು ಲಿಥುವೇನಿಯಾದ ಹಳ್ಳಿಯಲ್ಲಿ. ಮನೆಮಾತು ಪೋಲಿಷ್, ಆಳುವವನು ರಷ್ಯಾದ ತ್ಸಾರ್. ತಂದೆ ಎಂಜಿನಿಯರ್, ಮೊದಲ ಮಹಾಯುದ್ಧದಲ್ಲಿ ಅವರ ಹಿಂದೆ ಸಂಸಾರವೂ ರಷ್ಯಾ ಸುತ್ತಿತು. ಆಮೇಲೆ ಓದಿದ್ದು ಪೋಲರು, ಯಹೂದಿಗಳು, ಲಿಥುವೇನಿಯನ್ನರು ಒಟ್ಟಿಗೆ ಬದುಕುತ್ತಿದ್ದ ವಿಲ್ನಿಯಸ್‌ನಲ್ಲಿ. ಗಡಿ ಅನ್ನೋದು ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಅವರಿಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. 1943ರಲ್ಲಿ ವಾರ್ಸಾದಲ್ಲಿ ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ಯಹೂದಿಗಳ ಕೇರಿ ಹೊತ್ತಿ ಉರಿಯುತ್ತಿದ್ದಾಗ ಗೋಡೆಯ ಈಚೆ ಜನ ಜಾತ್ರೆಯ ರಾಟೆಯಲ್ಲಿ ಕೂತು ಸುತ್ತುತ್ತಿದ್ದರು. ಅದನ್ನು ಮಿವೋಶ್ ಬರೆದದ್ದು ಅಲಂಕಾರ ಇಲ್ಲದ ಮಾತಿನಲ್ಲಿ, ಸಾಕ್ಷಿ ಹೇಳುವವರ ಹಾಗೆ. ಯುದ್ಧ ಮುಗಿದ ಮೇಲೆ ಪೋಲೆಂಡ್‌ನ ಕಮ್ಯುನಿಸ್ಟ್ ಸರ್ಕಾರದ ರಾಜತಾಂತ್ರಿಕರಾದರು, 1951ರಲ್ಲಿ ಪ್ಯಾರಿಸ್‌ನಲ್ಲಿ ಆಶ್ರಯ ಕೇಳಿದರು. ಪೋಲೆಂಡ್‌ನಲ್ಲಿ ಪುಸ್ತಕಗಳಿಗೆ ನಿಷೇಧ. 1960ರಿಂದ ಅಮೆರಿಕದ ಬರ್ಕ್ಲಿಯಲ್ಲಿ ಕೂತು, ಅಕ್ಕಪಕ್ಕದವರು ಓದಲಾರದ ಪೋಲಿಷ್‌ನಲ್ಲೇ ಕವಿತೆ ಬರೆದರು. 1980ರಲ್ಲಿ ನೊಬೆಲ್ ಬಂತು.

ಜೈಲು ಫೈಜ್ ಅವರನ್ನು ಜನರಿಗೆ ಇನ್ನೂ ಹತ್ತಿರ ತಂದಿತು. ಮಿವೋಶ್ ಕಳೆದುಕೊಂಡದ್ದೇ ಓದುಗರನ್ನು.

ರಾಜಕೀಯದ ಪೆಟ್ಟು ತಿಂದವರಿಗೆ ಪರರ ನೋವು ಬೇಗ ಅರ್ಥವಾಗುತ್ತೆ ಅನ್ನೋ ಮಾತನ್ನೂ ನಾನು ಜಾಸ್ತಿ ನಂಬಲ್ಲ. ಮಿವೋಶ್ ಪೋಲೆಂಡ್ ಬಿಟ್ಟಾಗ, ಓಡಿಹೋದವನು ಅಂತ ಅವರ ವಿರುದ್ಧ ಬರೆದವರು ಚಿಲಿಯ ಕವಿ ಪಾಬ್ಲೊ ನೆರೂದಾ. ಅದೇ ನೆರೂದಾ ಅವರ ಕವಿತೆಗಳನ್ನು ಪೋಲಿಷ್‌ಗೆ ತಂದವರಲ್ಲಿ ಮಿವೋಶ್ ಒಬ್ಬರು. ಸ್ವತಃ ನೆರೂದಾ 1949ರಲ್ಲಿ ಪೊಲೀಸರ ಕಣ್ಣುತಪ್ಪಿಸಿ, ಆಂಡಿಸ್ ಬೆಟ್ಟ ದಾಟಿ ಚಿಲಿಯಿಂದ ತಪ್ಪಿಸಿಕೊಂಡು ಬಂದಿದ್ದರು.