ಗೋಡೆಯಿಲ್ಲದ ತಿರುವು

ಎವೆಲಿನ್ ಲಾಂಥಾಲರ್ ಹೆಸರು ನಮ್ಮ ಕಡೆ ಎಷ್ಟು ಜನ ಕೇಳಿರ್ತಾರೋ! ಇಟಲಿಯ ದಕ್ಷಿಣ ಟಿರೋಲ್‌ನವಳು. ನ್ಯಾಚುರಲ್ ಟ್ರ್ಯಾಕ್ ಲೂಜ್‌ನಲ್ಲಿ, ಅಂದ್ರೆ ಸ್ಲೆಡ್ ಅನ್ನೋ ಪುಟ್ಟ ಜಾರುಬಂಡಿ ಮೇಲೆ ಬೆಟ್ಟದ ಐಸ್ ದಾರಿಯಲ್ಲಿ ಜಾರಿಳಿಯೋ ರೇಸ್‌ನಲ್ಲಿ, 2019, 2021ರ ವಿಶ್ವ ಚಾಂಪಿಯನ್. ಅವಳ ರೇಸ್ ವಿಡಿಯೊ ನೋಡ್ತಾ ಕಾಫಿ ಆರಿಹೋಯ್ತು. ಒಲಿಂಪಿಕ್ಸ್ ಲೂಜ್‌ನಲ್ಲಿರೋ ಕಾಂಕ್ರೀಟ್ ಕಾಲುವೆ ಇಲ್ಲಿಲ್ಲ, ತಿರುವಿನಲ್ಲಿ ಸ್ಲೆಡ್ಡನ್ನು ಎತ್ತಿ ಹಿಡಿಯೋ ಓರೆಗೋಡೆಯೂ ಇಲ್ಲ. ಬೆಟ್ಟದ ದಾರಿ, ಮೇಲೆ ಐಸು, ಅಷ್ಟೇ. ಕೈಯಲ್ಲಿ ಲಗಾಮಿನಂಥ ಪಟ್ಟಿ. ತಿರುವು ಬಂತೋ, ಮೈ ಪೂರ್ತಿ ವಾಲುತ್ತೆ, ಬೂಟಿನ ಮುಳ್ಳು ಕೆರೆದು ಐಸ್‌ಪುಡಿ ಮುಖಕ್ಕೇ ರಾಚುತ್ತೆ.

1979ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೀತಿದೆ, ಒಲಿಂಪಿಕ್ಸ್‌ನಲ್ಲಿ ಮಾತ್ರ ಈ ಆಟಕ್ಕೆ ಜಾಗವೇ ಸಿಕ್ಕಿಲ್ಲ. ಸ್ಪಾನ್ಸರ್, ಟಿವಿ ಎಲ್ಲ ಹೋಗೋದು ಆ ಕಾಲುವೆ ಕಡೆಗೇ ಇರಬೇಕು. ನನಗಂತೂ ಈ ಬೆಟ್ಟದ ದಾರಿಯೇ ಹೆಚ್ಚು ಇಷ್ಟ ಆಯ್ತಪ್ಪ. ಲಿಂಕ್ ಬೇಕಾದವರು ಕೇಳಿ.