ಯಾವ ಪತ್ರಿಕೆ ಸುಲಭ ಮೇಡಂ?

ಎಂ.ಎ. ಮೂರನೆಯ ಸೆಮಿಸ್ಟರ್ ಶುರುವಾಗುವ ವಾರ ಕಲಬುರಗಿಯ ನಮ್ಮ ಇತಿಹಾಸ ವಿಭಾಗದಲ್ಲಿ ಮಕ್ಕಳು ನನ್ನ ಮೇಜನ್ನು ಮುತ್ತಿಕೊಂಡಿರುತ್ತಾರೆ. ಎಲ್ಲರ ಕೈಯಲ್ಲೂ ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದಿಂದ ಆರಿಸಿಕೊಂಡು ಓದುವ ಒಂದು ವಿಷಯದ ಅರ್ಜಿ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಯಾವ ಪತ್ರಿಕೆ ಸುಲಭ ಮೇಡಂ?" ನನಗೆ ಸಿಟ್ಟು ಬರುವುದಿಲ್ಲ. ಸೂಚನಾ ಫಲಕದಲ್ಲಿ ಬರೀ ಹೆಸರುಗಳ ಪಟ್ಟಿ ಹಚ್ಚಿ, ಪಠ್ಯಕ್ರಮ ತೋರಿಸದೆ, ನಾಳೆಯೊಳಗೆ ಅರ್ಜಿ ಕೊಡಿ ಎಂದರೆ ಅವರು ಇನ್ನೇನು ಕೇಳಿಯಾರು?

ಈ ವರ್ಷ ಸನ್ನತಿಯ ಪಕ್ಕದ ಊರಿನ ಹುಡುಗಿಯೊಬ್ಬಳು ಬಂದಳು. ಹಾಸ್ಟೆಲಿನ ಗೆಳತಿಯರೆಲ್ಲ ಆರಿಸಿದ್ದ ಪತ್ರಿಕೆಯನ್ನೇ ಬರೆದಿದ್ದಳು. ಸಹಿ ಹಾಕುವ ಮೊದಲು, "ಕಿರುಪ್ರಬಂಧಕ್ಕೆ ಏನು ಯೋಚಿಸಿದ್ದೀಯವ್ವಾ?" ಎಂದೆ. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದವಳಿಗೆ ಒಮ್ಮೆಲೇ ಮಾತು ಬಂತು. 1986ರಲ್ಲಿ ಸನ್ನತಿಯ ಗುಡಿಯ ಛಾವಣಿ ಕುಸಿದು, ಕಾಳಿ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿಕೊಂಡದ್ದನ್ನು ಅವಳ ಅಜ್ಜ ಕತೆಯಂತೆ ಹೇಳುತ್ತಿದ್ದರಂತೆ. ಕನಗನಹಳ್ಳಿಯ ಸ್ತೂಪವನ್ನು ಶಾಲೆಯ ದಿನಗಳಿಂದ ನೋಡಿದವಳು. ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ನಡುವೆ ನೀಲಿ ಪೆನ್ನಿನ ಭೀಮಾ ನದಿ, ಎರಡೂ ದಂಡೆಗೆ ಊರುಗಳು, ಪ್ರತಿ ಊರಿನ ಕೆಳಗೆ ಅಲ್ಲಿ ಕಂಡ ಹಳೆಯ ಕಲ್ಲಿನ ವಿವರ: "ಹನುಮಪ್ಪನ ಕಟ್ಟೆಗೆ ಸೇರಿದೆ", "ಬಾವಿಯ ಮೆಟ್ಟಿಲು, ಅರ್ಧ ಸವೆದಿದೆ".

ಇಂಥ ಕೆಲಸ ಮಾಡಿಟ್ಟುಕೊಂಡವಳಿಗೆ ಸುಲಭದ ಪತ್ರಿಕೆ ಯಾಕೆ? ಭೂಗೋಳ ವಿಭಾಗದ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ) ತೆಗೆದುಕೋ, ಈ ನಕ್ಷೆಯನ್ನು ಅಕ್ಷಾಂಶ-ರೇಖಾಂಶ ಸಮೇತ ಮಾಡಲು ಕಲಿಯುತ್ತೀಯ ಎಂದೆ. "ಗಣಿತ ಬರುವುದಿಲ್ಲ ಮೇಡಂ. ಅಂಕ ಕಡಿಮೆಯಾದರೆ ವಿದ್ಯಾರ್ಥಿವೇತನ ಹೋಗುತ್ತದೆ." ಈ ಹೆದರಿಕೆ ಸುಳ್ಳಲ್ಲ, ಧೈರ್ಯ ತುಂಬಿದರೆ ಹೋಗುವಂಥದ್ದೂ ಅಲ್ಲ. ಅವಳೆದುರೇ ಭೂಗೋಳದ ಅಧ್ಯಾಪಕರಿಗೆ ಫೋನ್ ಮಾಡಿದೆ. ಹೆಚ್ಚಿನ ಗಣಿತ ಬೇಕಿಲ್ಲ, ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಲಿಸುತ್ತೇವೆ, ಆಂತರಿಕ ಅಂಕಕ್ಕೆ ತನ್ನದೇ ಊರುಗಳ ನಕ್ಷೆ ಕೊಡಬಹುದು ಎಂದರು. ಅವಳು ಅಣ್ಣನನ್ನು ಕೇಳಿಕೊಂಡು ಬಂದು, ಸಂಜೆಯೊಳಗೆ ಹೊಸ ಅರ್ಜಿ ಕೊಟ್ಟಳು.

ಪಿಎಚ್.ಡಿ.ಗೂ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅಂದರೆ ಸಂಶೋಧನೆಯ ಜೊತೆಗೆ ಓದಬೇಕಾದ ಪಾಠಗಳು, ಇವೆ. ಏನನ್ನು ಹುಡುಕಲು ಹೊರಟಿದ್ದೀಯ ಎಂದು ಎಂ.ಎ.ಯಲ್ಲೇ ಯಾರಾದರೂ ಕೇಳಿದ್ದರೆ ಅಲ್ಲಿ ತಡಕಾಡುವುದು ತಪ್ಪುತ್ತದೆ. ಹೀಗೆ ಕೇಳಲು ಒಬ್ಬೊಬ್ಬರಿಗೂ ಅರ್ಧ ತಾಸು ಬೇಕು, ಕೊನೆಯ ದಿನದ ನೂಕುನುಗ್ಗಲಿನಲ್ಲಿ ಅದು ಆಗದು. ಅದಕ್ಕೇ ಬರುವ ವರ್ಷದ ಪಟ್ಟಿಗೆ ಎಲ್ಲ ವಿಭಾಗಗಳ ಪಠ್ಯಕ್ರಮವನ್ನು ಈಗಲೇ ಕೇಳುತ್ತಿದ್ದೇನೆ. ಭೂಗೋಳ, ಕನ್ನಡ ವಿಭಾಗದವರು ಕೊಟ್ಟಿದ್ದಾರೆ. ಉಳಿದವರ ಬಾಗಿಲು ತಟ್ಟಬೇಕು.